ಅಂಶತಃ ನಿಜ

ಕನ್ನಡ ಶಾಲೆಯ ಸಂಕಟವನ್ನು ಮರಾಠಿಯಲ್ಲಿ ಬರೆಯುವುದು ಆ ವರ್ಷ ನನ್ನ ಪಾಲಿಗೆ ಬಂದ ಕೆಲಸ. ನಾನು ಆಗ ವಿಧಾನ ಪರಿಷತ್ತಿನ ಸದಸ್ಯರೊಬ್ಬರ ಆಪ್ತ ಸಹಾಯಕಿ. ಉದಗೀರದ ಅಡತ್ ಬಜಾರಿನ ಹಿಂದೆ, ಔಷಧಿ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಕಚೇರಿ. ನಿಲಂಗಾದ ನಮ್ಮ ಮನೆಯಿಂದ ದಿನವೂ ಬಸ್ಸು ಹಿಡಿದು ಹೋಗುತ್ತಿದ್ದೆ. ಅಪ್ಪ ಪೂಜೆಗೆ ಹೋಗುವ ಮನೆಗಳಲ್ಲಿ ಸಾಹೇಬರದೂ ಒಂದಿತ್ತು. ಆ ಪರಿಚಯದಿಂದಲೇ ನನಗೆ ಕೆಲಸ ಸಿಕ್ಕಿದ್ದು.

ಸಾಹೇಬರು ಮನೆಯಲ್ಲಿ ಆಡುವುದು ಕನ್ನಡ. ಸಭೆಗಳಲ್ಲಿ ಮರಾಠಿಯಲ್ಲಿ ಶುರು ಮಾಡಿ, ಎದುರಿಗೆ ಕುಳಿತವರು ನಮ್ಮ ಜನವೆಂದು ಗೊತ್ತಾದರೆ ಕೊನೆಗೆ ಕನ್ನಡಕ್ಕೆ ಇಳಿಯುತ್ತಿದ್ದರು. "ನಾನೂ ಹಲಗಿ ಮ್ಯಾಲ ಕನ್ನಡ ಅಕ್ಷರ ತಿದ್ದಿದಾಂವ" ಎನ್ನುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗೂ ಆ ಮಾತು ಕೇಳಿದಾಗಲೆಲ್ಲ ಎದೆ ತುಂಬಿ ಬರುತ್ತಿತ್ತು. ಅದು ನಾಟಕವಾಗಿತ್ತೆಂದು ಈಗಲೂ ಹೇಳಲಾರೆ.

ಬೇಸಿಗೆಯಲ್ಲಿ ಒಂದು ದಿನ ಅವರು ನನ್ನನ್ನು ಕರೆದು, ಮಳೆಗಾಲದ ಅಧಿವೇಶನಕ್ಕೆ ಕನ್ನಡ ಮಾಧ್ಯಮದ ಶಾಲೆಗಳ ಮೇಲೆ ತಾರಾಂಕಿತ ಪ್ರಶ್ನೆ ಹಾಕೋಣವೆಂದರು. ತಾರಾಂಕಿತ ಎಂದರೆ ಸದನದಲ್ಲಿ ಎದ್ದು ನಿಂತು ಮಂತ್ರಿಯ ಬಾಯಿಂದಲೇ ಉತ್ತರ ಪಡೆಯುವ ಪ್ರಶ್ನೆ. ನಮ್ಮ ಗಡಿಯ ಶಾಲೆಗಳಲ್ಲಿ ಕನ್ನಡದ ಮಾಸ್ತರರು ನಿವೃತ್ತರಾದ ಹಾಗೆಲ್ಲ ಆ ಜಾಗಕ್ಕೆ ಕನ್ನಡದ ಗಂಧವೂ ಇಲ್ಲದ ಮರಾಠಿ ಮಾಸ್ತರರು ಬರುತ್ತಿದ್ದರು. ಪ್ರಶ್ನೆ ಅದರ ಮೇಲೆ. "ನೀ ಖುದ್ದಾಗಿ ಹೋಗಿ ನೋಡಿ ಬಾ. ಕಚೇರ್ಯಾಗ ಕುಂತು ಬರದದ್ದು ನನಗ ಬ್ಯಾಡ" ಎಂದರು.

ಹೋದೆ. ಉಮರ್ಗಾದವರೆಗೆ ಬಸ್ಸು, ಅಲ್ಲಿಂದ ಹೆದ್ದಾರಿಯ ಮೇಲೆ ದಾಳಿಂಬದ ತನಕ ಶೇರ್ ಆಟೋ, ಅಲ್ಲಿಂದ ಒಳಗೆ ಸಿಕ್ಕಿದ ಟ್ರ್ಯಾಕ್ಟರು. ಹಲವು ಊರು ತಿರುಗಿದೆ. ಮನಸ್ಸಿನಲ್ಲಿ ಉಳಿದದ್ದು ಒಂದು ಶಾಲೆ. ಎರಡು ಕೋಣೆ, ನಡುವೆ ಒಂದು ಬಾಗಿಲು. ಕನ್ನಡ ಬಲ್ಲವರು ಹೆಡ್ ಮಾಸ್ತರರೊಬ್ಬರೇ. ಎರಡೂ ಕೋಣೆಗಳ ಮಕ್ಕಳಿಗೆ ಕೇಳಿಸಬೇಕೆಂದು ಅವರು ಆ ಬಾಗಿಲಿನ ಹೊಸ್ತಿಲ ಮೇಲೆ ನಿಂತು, ಒಮ್ಮೆ ಈ ಕಡೆ ಮುಖ ಮಾಡಿ ಮಗ್ಗಿ ಹೇಳಿಸಿ, ಒಮ್ಮೆ ಆ ಕಡೆ ತಿರುಗಿ ಪಾಠ ಓದಿಸುತ್ತಿದ್ದರು. ಜೊತೆಗೆ ಕೊಟ್ಟ ಇನ್ನೊಬ್ಬ ಮಾಸ್ತರರು ಲಾತೂರಿನ ಆಚೆಯವರು, ಒಳ್ಳೆಯ ಮನುಷ್ಯ. ಮಕ್ಕಳೊಡನೆ ಚೆಂಡಾಟ ಆಡುತ್ತಿದ್ದರು, ಬೇರೇನು ಮಾಡಲು ಅವರಿಗೆ ದಾರಿಯಿರಲಿಲ್ಲ.

ಪಟದ ಮೇಲೆ, ಅಂದರೆ ಹಾಜರಿ ಪಟ್ಟಿಯಲ್ಲಿ, ಎಷ್ಟು ಮಕ್ಕಳಿದ್ದಾರೆಂದು ಕೇಳಿದಾಗ ಹೆಡ್ ಮಾಸ್ತರರು ತಡೆದರು.

"ಅದೊಂದ ಬ್ಯಾಡ್ರೀ ಬಾಯಿ. ಹುಡ್ರು ಕಡಿಮಿ ಆಗ್ಯಾವ ಅಂತ ನೀವು ಬರದ್ರ, ನಾಳಿ ಅದೇ ತೋರ್ಸಿ ಸಾಲಿ ಬಂದ್ ಮಾಡ್ತಾರ."

"ಯಾಕ ಕಡಿಮಿ ಆಗ್ಯಾವ ಅಂತನೂ ಬರೀತೀನ್ರೀ ಸರ್. ಕಲಸೋರು ಇಲ್ಲ ಅದಕ್ಕ ಬಿಟ್ಟು ಹೋಗ್ಲತ್ತಾವ."

"ನೀವು ಬರದದ್ದು ಯಾರ ಕೈಗಿ ಹೋಗ್ತದ?"

"ಸಾಹೇಬರ ಕೈಗಿ. ಮತ್ತ ಯಾರಿಗೂ ಇಲ್ಲ."

ಶಾಲಾ ಸಮಿತಿಯ ಅಧ್ಯಕ್ಷೆ ಅಲ್ಲೇ ಗೋಡೆಗೊರಗಿ ನಿಂತಿದ್ದಳು. ನನ್ನದೇ ವಯಸ್ಸಿನ ಹೆಂಗಸು, ಹಣೆಯಲ್ಲಿ ವಿಭೂತಿ, ಹೊಲದಿಂದ ನೇರ ಬಂದಿದ್ದಳು. ಅವಳ ಮಗಳು ಅದೇ ಶಾಲೆಯಲ್ಲಿ ಒಂದನೇ ತರಗತಿ. "ಕೊಡ್ರೀ ಸರ್," ಅಂದಳು. "ನಮ್ಮ ಭಾಷಾದಾಕಿ ಬಂದಾಳ. ಈಕಿ ಮುಂದ ಹೇಳಲಿಲ್ಲಂದ್ರ ಮತ್ತ ಯಾರ ಮುಂದ ಹೇಳೋದು?"

ಮಾಸ್ತರರು ಹಾಜರಿ ತೆರೆದು ತೋರಿಸಿದರು.

ಉದಗೀರಕ್ಕೆ ಬಂದು ಎರಡು ಕಾಗದ ಸಿದ್ಧ ಮಾಡಿದೆ. ಒಂದು ಪ್ರಶ್ನೆ. ಅದರ ಅಚ್ಚು ಮೊದಲೇ ನಿಗದಿಯಾದದ್ದು: ಇಂತಿಂಥದು ನಡೆದಿದೆ, ಹೇ ಖರೇ ಆಹೇ ಕಾಯ್, ಅಂದರೆ ಇದು ನಿಜವೇ? ನಿಜವಿದ್ದರೆ ಸರ್ಕಾರ ಏನು ಮಾಡಿದೆ? ಇಲ್ಲದಿದ್ದರೆ ವಿಳಂಬಕ್ಕೆ ಕಾರಣವೇನು? ಇನ್ನೊಂದು, ಸಾಹೇಬರ ಓದಿಗೆಂದು ಟಿಪ್ಪಣಿ. ಅದರಲ್ಲಿ ಊರೂರಿನ ಸ್ಥಿತಿ ಬರೆದೆ, ಹೊಸ್ತಿಲ ಮೇಲೆ ನಿಲ್ಲುವ ಮಾಸ್ತರರನ್ನೂ ಬರೆದೆ. ಕೊನೆಗೆ ಸದನದಲ್ಲಿ ಕೇಳಬೇಕಾದ ಉಪಪ್ರಶ್ನೆಗಳು. ಮಂತ್ರಿ ಒಂದು ಕಡೆ ಜಾರಿದರೆ ಇನ್ನೊಂದು ಕಡೆ ಹಿಡಿಯುವಂತೆ ಅವನ್ನು ಒಂದರ ಹಿಂದೆ ಒಂದು ಜೋಡಿಸಿದ್ದೆ. ಸಾಹೇಬರು ಓದಿ, ಕನ್ನಡಕ ತೆಗೆದು, "ಭಾಳ ಚಂದ ಬರದೀ" ಎಂದರು.

ಪ್ರಶ್ನೆ ಸ್ವೀಕಾರವಾಯಿತು. ಚೀಟಿ ಎತ್ತಿದಾಗ ಪಟ್ಟಿಯಲ್ಲಿ ಮೇಲೆಯೇ ಬಂತು. ಇದು ದೊಡ್ಡ ಅದೃಷ್ಟ. ಕೆಳಗಿದ್ದ ಪ್ರಶ್ನೆಗಳು ಬರುವಷ್ಟರಲ್ಲಿ ಪ್ರಶ್ನೋತ್ತರದ ವೇಳೆ ಮುಗಿದಿರುತ್ತದೆ. ನಾನೇ ಹಳ್ಳಿಗೆ ಫೋನು ಮಾಡಿ, ನೀವೂ ಬನ್ನಿ, ಕಣ್ಣಾರೆ ನೋಡಿ ಎಂದು ಹೆಡ್ ಮಾಸ್ತರರನ್ನೂ ಅಧ್ಯಕ್ಷೆಯನ್ನೂ ಮುಂಬಯಿಗೆ ಕರೆಸಿದೆ.

ಆ ದಿನ ಬೆಳಿಗ್ಗೆ ಮಳೆ ಹೊಡೆಯುತ್ತಿತ್ತು. ಪ್ರತಿ ಸಲ ನಾನು ಮೊದಲು ಶಾಸಕರು ಇಳಿದುಕೊಳ್ಳುವ ಆಮದಾರ್ ನಿವಾಸಕ್ಕೆ ಹೋಗಿ, ಮಂತ್ರಿಯ ಲಿಖಿತ ಉತ್ತರ ನೋಡಿ, ಅದಕ್ಕೆ ತಕ್ಕಂತೆ ಉಪಪ್ರಶ್ನೆ ತಿದ್ದಿ ಕೊಡುವುದು ವಾಡಿಕೆ. ಅಂದು ಸಾಹೇಬರು ಫೋನಿನಲ್ಲಿ, "ಇಲ್ಲಿಗಿ ಬರಬ್ಯಾಡ. ಊರ ಮಂದಿ ಬಂದಾರಲ್ಲ, ಅವ್ರಿಗಿ ಸೀದಾ ಗ್ಯಾಲರಿಗಿ ಕರ್ಕೊಂಡು ಹೋಗು" ಎಂದರು. ಜನರ ಬಗ್ಗೆ ಎಷ್ಟು ಕಾಳಜಿ ಎಂದುಕೊಂಡೆ.

ಬಾಗಿಲಲ್ಲಿ ಫೋನು, ಕೊಡೆ, ಚೀಲ ಎಲ್ಲ ಇಟ್ಟುಕೊಂಡರು. ಅಧ್ಯಕ್ಷೆಯ ಮಡಿಲಲ್ಲಿದ್ದ ಎಲೆ ಅಡಿಕೆಯ ಸಂಚಿಯನ್ನೂ ಬಿಡಲಿಲ್ಲ. ಗ್ಯಾಲರಿಯಲ್ಲಿ ಕಾಲ ಮೇಲೆ ಕಾಲು ಹಾಕಬಾರದು, ಮುಂದಿನ ಕಟಾಂಜನಕ್ಕೆ ಆತುಕೊಳ್ಳಬಾರದು, ಮಾತಾಡಬಾರದು. ನಾವು ಮೂವರೂ ಒಂದೇ ಸಾಲಿನಲ್ಲಿ ಕುಳಿತೆವು. ಕೆಳಗೆ ಸಾಹೇಬರು ಇಸ್ತ್ರಿಯ ಬಿಳಿ ಅಂಗಿಯಲ್ಲಿ ತಮ್ಮ ಜಾಗದಲ್ಲಿದ್ದರು. ಅವರ ಕೈಯಲ್ಲಿ ನನ್ನ ಟಿಪ್ಪಣಿಯ ಹಾಳೆಗಳು. ಮೂಲೆಗೆ ನಾನು ಹಾಕಿದ್ದ ಹಸಿರು ದಾರ ಮೇಲಿಂದಲೇ ಗುರುತು ಸಿಕ್ಕಿತು. ಅಧ್ಯಕ್ಷೆ ನನ್ನ ಮೊಳಕೈ ತಿವಿದು ನಕ್ಕಳು.

ಘಂಟೆ ನಿಂತಿತು. ಸಭಾಪತಿಗಳು ಬಂದರು. ಮೊದಲ ಪ್ರಶ್ನೆ ಯಾವುದೋ ಬಂದರಿನ ಜೆಟ್ಟಿಯದು, ಅದರ ನಂತರದ್ದು ಹಾಲಿನ ಡೇರಿಯದು. ಸದಸ್ಯರು ಬರುತ್ತಿದ್ದರು, ಹೋಗುತ್ತಿದ್ದರು, ಹಿಂದಿನ ಬೆಂಚಿನಲ್ಲಿ ಇಬ್ಬರು ಪಿಸುಮಾತಿನಲ್ಲಿ ನಗುತ್ತಿದ್ದರು. ನಿತ್ಯದ ಕಲಾಪ ಇರುವುದೇ ಹೀಗೆ. ಅಲ್ಲಿ ಯಾರ ಊರಿನ ಕಷ್ಟವೂ ಇನ್ನೊಬ್ಬರಿಗೆ ಸುದ್ದಿಯಲ್ಲ.

ನಮ್ಮ ಪ್ರಶ್ನೆಯ ಸಂಖ್ಯೆ ಕೂಗಿದರು. ಶಿಕ್ಷಣ ಖಾತೆಯ ಕಡೆಯಿಂದ ಉತ್ತರಿಸುವ ಮಂತ್ರಿ ಎದ್ದು, ಲಿಖಿತ ಉತ್ತರ ಸಭಾಪಟಲದ ಮೇಲಿದೆಯೆಂದು ಹೇಳಿ, ಮೊದಲ ಸಾಲನ್ನು ಮಾತ್ರ ಓದಿದರು. "ಹೇ ಅಂಶತಃ ಖರೇ ಆಹೇ." ಇದು ಅಂಶತಃ ನಿಜ. ಸರ್ಕಾರದ ಉತ್ತರಗಳಲ್ಲಿ ಇಷ್ಟು ಒಪ್ಪಿದರೇ ಅರ್ಧ ಗೆದ್ದ ಹಾಗೆ. ಸಾಹೇಬರು ಎದ್ದರು. ನನ್ನ ಮೊದಲ ಉಪಪ್ರಶ್ನೆ ನನಗೆ ಬಾಯಿಪಾಠ: ಕನ್ನಡ ಬಲ್ಲ ಶಿಕ್ಷಕರ ನೇಮಕ ಯಾವ ಗಡುವಿನೊಳಗೆ?

ಸಾಹೇಬರು ಹಾಳೆ ನೋಡಲಿಲ್ಲ. "ಸಭಾಪತಿ ಮಹೋದಯ," ಎಂದು ಮರಾಠಿಯಲ್ಲಿ ಶುರು ಮಾಡಿದರು. "ಈ ಶಾಲೆಗಳಲ್ಲಿ ಮಕ್ಕಳು ತೀರ ಕಡಿಮೆಯಾಗಿದ್ದಾರೆ. ಇಂಥ ಶಾಲೆಗಳನ್ನು ಹೆದ್ದಾರಿಯ ಬದಿಯ ಒಂದು ದೊಡ್ಡ ಮರಾಠಿ ಶಾಲೆಯಲ್ಲಿ ಸೇರಿಸಿ, ಮಕ್ಕಳಿಗೆ ಬಸ್ಸಿನ ವ್ಯವಸ್ಥೆ ಮಾಡುವ ವಿಚಾರ ಸರ್ಕಾರಕ್ಕಿದೆಯೇ?"

ತಪ್ಪಿ ಕೇಳಿಸಿತು ಅನ್ನಿಸಿತು. ಪಕ್ಕಕ್ಕೆ ನೋಡಿದೆ. ಅಧ್ಯಕ್ಷೆಯ ಮುಖದ ನಗು ಇನ್ನೂ ಹೋಗಿರಲಿಲ್ಲ, ಆದರೆ ಅದರ ಅರ್ಥ ಹೋಗಿತ್ತು. ನಮ್ಮ ಕಡೆ ಮರಾಠಿ ತಿಳಿಯದವರು ಯಾರೂ ಇಲ್ಲ.

ಮಂತ್ರಿಗಳು ಮುಗುಳ್ನಕ್ಕರು. ಈ ಪ್ರಶ್ನೆಗಾಗಿ ಕಾದಿದ್ದವರ ಹಾಗೆ. "ಸನ್ಮಾನ್ಯ ಸದಸ್ಯರು ಸ್ವತಃ ಊರೂರು ಸುತ್ತಿಸಿ ಮಾಡಿಸಿದ ಟಿಪ್ಪಣಿಯನ್ನು ನನಗೆ ಕೊಟ್ಟಿದ್ದಾರೆ. ಅದಕ್ಕಾಗಿ ಅವರನ್ನು ಅಭಿನಂದಿಸುತ್ತೇನೆ," ಎಂದು ಹೇಳಿ ಓದತೊಡಗಿದರು. ಊರುಗಳ ಹೆಸರು ಬಂದವು, ಪಟದ ಸಂಖ್ಯೆಗಳು ಬಂದವು. ಸಂಖ್ಯೆ ಯಾಕೆ ಇಳಿಯಿತು ಎಂದು ನಾನು ಅದರ ಕೆಳಗೇ ಬರೆದಿದ್ದ ಸಾಲು ಮಾತ್ರ ಬರಲಿಲ್ಲ. ಆಮೇಲೆ ಅವರು ದನಿ ತಗ್ಗಿಸಿ ಓದಿದರು: "ಒಬ್ಬರೇ ಗುರೂಜಿ ಎರಡು ಕೋಣೆಗಳ ನಡುವಿನ ಹೊಸ್ತಿಲ ಮೇಲೆ ನಿಂತು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮುಖ ಮಾಡಿ ಕಲಿಸುತ್ತಾರೆ. ಹೇಳಿ, ಇಂಥ ಸ್ಥಿತಿಯಲ್ಲಿ ನಾವು ಮಕ್ಕಳನ್ನು ಬಿಡಬೇಕೇ?"

ನನ್ನ ವಾಕ್ಯ. ಒಂದು ಪದವನ್ನೂ ಬದಲಿಸಿರಲಿಲ್ಲ. ಸದನದಲ್ಲಿ ಯಾರೋ ಅಯ್ಯೋ ಎಂದರು. ಹೆಡ್ ಮಾಸ್ತರರು ತಿರುಗಿ ನನ್ನನ್ನು ನೋಡಲಿಲ್ಲ. ತೊಡೆಯ ಮೇಲಿದ್ದ ತಮ್ಮ ಟೋಪಿಯನ್ನು ನೋಡುತ್ತ ಕುಳಿತರು. ಅವರು ತಿರುಗಿ ನೋಡಿದ್ದರೆ ಮೇಲಾಗುತ್ತಿತ್ತು.

ಶಾಲೆಗಳನ್ನು ಸೇರಿಸಲಾಗುವುದು, ಅದಕ್ಕೆ ಹೆದ್ದಾರಿಯ ಬದಿಯಲ್ಲಿ ಜಾಗವನ್ನೂ ಇಮಾರತನ್ನೂ ಸನ್ಮಾನ್ಯ ಸದಸ್ಯರ ಶಿಕ್ಷಣ ಸಂಸ್ಥೆಯೇ ಒದಗಿಸಲಿದೆ, ಕನ್ನಡವನ್ನು ಒಂದು ವಿಷಯವಾಗಿ ಕಲಿಸಲಾಗುವುದು ಎಂದು ಮಂತ್ರಿಗಳು ಮುಗಿಸಿದರು. ಸದಸ್ಯರು ಮೇಜು ಕುಟ್ಟಿದರು. ವಿರೋಧ ಪಕ್ಷದ ಬೆಂಚಿನಿಂದ ಕೊಂಕಣದ ಕಡೆಯ ಸದಸ್ಯೆಯೊಬ್ಬರು ಎದ್ದು, "ಪಾಲಕರನ್ನು ಯಾರಾದರೂ ಕೇಳಿದ್ದಾರೆಯೇ?" ಎಂದರು. ಸಭಾಪತಿಗಳು ಮುಂದಿನ ಪ್ರಶ್ನೆಯ ಸಂಖ್ಯೆ ಕೂಗಿಬಿಟ್ಟಿದ್ದರು. ಅದು ಯಾವುದೋ ನಗರದ ಗಟಾರದ್ದು.

ಎದ್ದು ಹೋಗೋಣವೆಂದರೆ ಗ್ಯಾಲರಿಯ ಸಿಪಾಯಿ ಕೈಸನ್ನೆಯಲ್ಲೇ ಕೂಡಿಸಿದ. ಪ್ರಶ್ನೋತ್ತರ ಮುಗಿಯುವ ತನಕ ಕೂಡಬೇಕಾಯಿತು. ಅಷ್ಟರಲ್ಲಿ ಅಧ್ಯಕ್ಷೆ ತುಟಿ ಅಲುಗದ ಹಾಗೆ ಕೇಳಿದಳು:

"ಅವು ನಿನ್ನ ಮಾತಲ್ಲೇನ?"

"ನನ್ನವೇ. ಖರೆ ಇದಕ್ಕಂತ ಬರದಿದ್ದಿಲ್ಲ ನಾ."

"ಯಾತಕ್ಕಂತ ಬರದಿದ್ದಿ, ನನಗ ಗೊತ್ತದ. ಅಲ್ಲಿ ಕುಂತೋರಿಗಿ ಗೊತ್ತದೇನ?"

ಸಾಹೇಬರು ಮೆಟ್ಟಿಲ ಬಳಿ ಸಿಕ್ಕರು. ಮುಖ ಅರಳಿತ್ತು. ಹೆಡ್ ಮಾಸ್ತರರ ಹೆಗಲ ಮೇಲೆ ಕೈ ಹಾಕಿ, "ಏನ್ರೀ ಗುರುಗಳೇ, ಇನ್ನ ಹೊಸ್ತಿಲ ಮ್ಯಾಲ ನಿಂದ್ರೋದು ತಪ್ಪಿತು ನೋಡ್ರಿ!" ಎಂದು ನಮ್ಮ ಕನ್ನಡದಲ್ಲೇ ಹೇಳಿದರು. ಫೋಟೋ ತೆಗೆಯುವವನನ್ನು ಕರೆದರು. ಹೆಡ್ ಮಾಸ್ತರರು ಅವರ ಕೈಯನ್ನು ಮೆಲ್ಲಗೆ ಹೆಗಲಿನಿಂದ ಇಳಿಸಿ, ಮಳೆಯಲ್ಲೇ ಆಚೆ ಹೋಗಿ ನಿಂತರು. ಅಧ್ಯಕ್ಷೆ ಅವರ ಹಿಂದೆ ಹೋದಳು.

"ಅವ್ರಿಗಿ ಏನಾಯ್ತು?" ಎಂದು ಸಾಹೇಬರು ನನ್ನನ್ನು ಕೇಳಿದರು.

"ನೀವು ಹೀಂಗ ಯಾಕ ಮಾಡಿದ್ರಿ ಸಾಹೇಬ್ರ?"

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತಿಳಿವಳಿಕೆ ಹೇಳುವ ದನಿ. "ನೋಡು, ಕನ್ನಡ ಮಾಸ್ತರರನ್ನ ಇವ್ರು ಯಾವಾಗೂ ಕೊಡಂಗಿಲ್ಲ. ಇವತ್ತ ಕೇಳಿದ್ರ ಪ್ರಯತ್ನ ನಡದದ ಅಂತ ಹೇಳಿ ಕುಂಡ್ರತಿದ್ರು. ಅದಕ್ಕಿಂತ ಏನರ ಒಂದು ಸಿಗಲಿ ಅಂದೆ. ದೊಡ್ಡ ಸಾಲಿ, ಬಸ್ಸು, ಸಂಡಾಸ, ಕಂಪ್ಯೂಟರ. ನಾನೂ ಕನ್ನಡದಾಂವ ಇದ್ದೀನಿ. ನನಗ ಕಳಕಳಿ ಇಲ್ಲೇನು?"

"ಮೊದಲೇ ನನಗ ಹೇಳಬೇಕಿತ್ತು."

"ಹೇಳಿದ್ರ ನೀ ಅಷ್ಟು ಚಂದ ಬರೀತಿದ್ದೇನು?"

ಈ ಮಾತನ್ನು ಅವರು ಮೆಚ್ಚುಗೆಯಾಗಿಯೇ ಆಡಿದರು. ನನಗೆ ಇಂದಿಗೂ ಉರಿಯುವುದು ಇದೊಂದೇ. ಮಂತ್ರಿಗೆ ಟಿಪ್ಪಣಿ ಕೊಟ್ಟದ್ದಲ್ಲ, ಜಾಗದ ಮಾತಲ್ಲ. ನನ್ನ ನಂಬಿಕೆ ಅವರ ಲೆಕ್ಕದಲ್ಲಿ ಮೊದಲಿನಿಂದಲೂ ಒಂದು ಸಾಮಾನಾಗಿತ್ತು, ಚೆನ್ನಾಗಿ ಕೆಲಸ ಕೊಡುವ ಸಾಮಾನು.

ಸುದ್ದಿ ಮಾಡಿ ಪತ್ರಿಕೆಗಳಿಗೆ ಕಳಿಸು, ಮರಾಠಿಯಲ್ಲೊಂದು, ಕನ್ನಡದಲ್ಲೊಂದು, ಗಡಿಯ ಕನ್ನಡ ಮಕ್ಕಳಿಗೆ ನ್ಯಾಯ ಎಂದು ತಲೆಬರಹ ಇರಲಿ ಎಂದು ಹೇಳಿ ಅವರು ಒಳಗೆ ಹೋದರು. ಒಳಗೆ ಇಲಾಖೆಗಳ ವಾರ್ಷಿಕ ವರದಿಗಳನ್ನು ಒಂದೊಂದಾಗಿ ಮಂಡಿಸುತ್ತಿದ್ದರು. ಧ್ವನಿವರ್ಧಕದಲ್ಲಿ "ಪಟಲಾವರ್ ಠೇವತೋ, ಪಟಲಾವರ್ ಠೇವತೋ", ಸದನದ ಮುಂದಿಡುತ್ತೇನೆ, ಎಂಬುದು ಮೆಟ್ಟಿಲ ತನಕ ಕೇಳಿಸುತ್ತಿತ್ತು.

ಕ್ಯಾಂಟೀನಿನಲ್ಲಿ ಹೆಡ್ ಮಾಸ್ತರರೂ ಅಧ್ಯಕ್ಷೆಯೂ ಚಹಾ ಮುಟ್ಟದೆ ಕುಳಿತಿದ್ದರು. ನಾನು ಒಂದು ಹಾಳೆ ತೆಗೆದೆ. ಸುದ್ದಿಯನ್ನೇ ಬರೆಯಲು ತೆಗೆದೆನೆಂದರೂ ಸುಳ್ಳಲ್ಲ, ಕೈಗೆ ಅದೇ ಅಭ್ಯಾಸ. ತಲೆಬರಹದ ಮೊದಲ ಪದವಾದ ಮೇಲೆ ಕೈ ಓಡಲಿಲ್ಲ. ಹೊಡೆದು ಹಾಕಿ, ಅದೇ ಹಾಳೆಯ ಬೆನ್ನಿಗೆ ಬೇರೆ ಬರೆದೆ.

ಸದನದಲ್ಲಿ ಬಂದ ಉತ್ತರ ಸ್ಪಷ್ಟವಿಲ್ಲದಿದ್ದರೆ ಅದರ ಮೇಲೆ ಅರ್ಧ ತಾಸಿನ ಚರ್ಚೆ ಕೇಳಬಹುದು. ಪ್ರಶ್ನೆ ಹಾಕಿದವರೇ ಕೇಳಬೇಕೆಂದಿಲ್ಲ, ಯಾವ ಸದಸ್ಯರಾದರೂ ಸೂಚನೆ ಕೊಡಬಹುದು. ಸಾಹೇಬರ ಹೆಸರಿನಲ್ಲಿ ಇಂಥ ಸೂಚನೆಗಳನ್ನು ಎಷ್ಟೋ ಬರೆದಿದ್ದೆ. ಆದರೆ ಅವರ ಕೆಲಸದಲ್ಲಿದ್ದು ಅವರ ವಿರುದ್ಧ ಬರೆಯಲಾಗದು. ಮೊದಲು ಎದ್ದು ಹೋಗಿ, ನನ್ನ ಪ್ರವೇಶಪತ್ರ, ಕಚೇರಿಯ ಬೀಗದ ಕೈ, ಅವರ ಸಹಿಯ ಮೊಹರು ಎಲ್ಲವನ್ನೂ ಅವರ ಡ್ರೈವರನ ಕೈಗೆ ಕೊಟ್ಟು ಬಂದೆ. ಆಮೇಲೆ ಸೂಚನೆ ಮುಗಿಸಿದೆ. ಈ ಸಲ ಸಂಖ್ಯೆ ಒಂದೂ ಇಲ್ಲ. ಕಾರಣ ಮಾತ್ರ ಇತ್ತು. ಹೆಡ್ ಮಾಸ್ತರರಿಗೆ ಓದಿ ಹೇಳಿ, ಹೊಸ್ತಿಲ ಸಾಲು ಇಡಲೇ ಎಂದು ಕೇಳಿದೆ.

"ತೆಗೀರಿ ಅದನ್ನ," ಅಂದರು. "ನಾ ನಿಂತದ್ದು ನನ್ನ ಹುಡ್ರ ಸಲುವಾಗಿ. ಮತ್ತ ಯಾರರ ಓದಿ ಅಯ್ಯೋ ಅನ್ನೋದು ಬ್ಯಾಡ."

ತೆಗೆದೆ.

ಕೊಂಕಣದ ಸದಸ್ಯೆ ಊಟದ ಬಿಡುವಿಗೆ ಹೊರಗೆ ಬಂದಾಗ ಎದುರು ನಿಂತೆ. ನೀವು ಅವರ ಸಹಾಯಕಿ ಅಲ್ಲವೇ ಎಂದರು. ಇವತ್ತಿನ ತನಕ ಎಂದೆ. ಓದಿದರು. "ಇದು ನನ್ನ ಭಾಗದ್ದಲ್ಲ. ನಿಮ್ಮ ಭಾಷೆಯ ಒಂದು ಅಕ್ಷರವೂ ನನಗೆ ಬಾರದು," ಎಂದು ಮರಾಠಿಯಲ್ಲಿ ಹೇಳಿ, ಅಧ್ಯಕ್ಷೆಯ ಕಡೆ ನೋಡಿದರು. "ನಿಮ್ಮನ್ನು ಯಾರಾದರೂ ಕೇಳಿದ್ದರೇ?"

"ಕೋಣೀ ನಾಹೀ," ಅಂದಳು ಅಧ್ಯಕ್ಷೆ. ಯಾರೂ ಇಲ್ಲ.

ಅವರು ನಿಂತಲ್ಲೇ ಸಹಿ ಹಾಕಿದರು.

ಉದಗೀರ ನಿಲ್ದಾಣದವರೆಗೆ ಮೂವರೂ ರೈಲಿನ ಒಂದೇ ಡಬ್ಬಿಯಲ್ಲಿ ಬಂದೆವು. ರೊಟ್ಟಿ ಬಿಚ್ಚಿದಾಗ ಅಧ್ಯಕ್ಷೆ ನನಗೂ ಕೊಟ್ಟು, ಕಿಟಕಿಯ ಕಡೆ ತಿರುಗಿ ಕುಳಿತಳು. ಇಳಿಯುವಾಗ ಹೆಡ್ ಮಾಸ್ತರರು, "ಊರಾಗ ಏನಂತ ಹೇಳ್ಬೇಕು ಅಂತ ದಾರಿಯುದ್ದಕ್ಕ ವಿಚಾರ ಮಾಡ್ದೆ. ತಿಳೀಲಿಲ್ಲ" ಎಂದಷ್ಟೇ ಹೇಳಿದರು.

ಸೂಚನೆ ಸ್ವೀಕಾರವಾಗಿ, ಅಧಿವೇಶನ ಮುಗಿಯುವ ಹೊತ್ತಿಗೆ, ದಿನದ ಕಲಾಪದ ಕಟ್ಟಕಡೆಗೆ ಚರ್ಚೆಗೆ ಬಂತು. ನಿಲಂಗಾದ ಮನೆಯಲ್ಲಿ ಫೋನಿನ ಪರದೆಯ ಮೇಲೆ ನೋಡಿದೆ. ಬೆಂಚುಗಳು ಬಹುಪಾಲು ಖಾಲಿ. ಸಾಹೇಬರು ಇರಲಿಲ್ಲ. ಆ ಸದಸ್ಯೆ ಗಟ್ಟಿಯಾಗಿ ಮಾತಾಡಿದರು, ನಮ್ಮ ಊರುಗಳ ಹೆಸರುಗಳನ್ನು ತಪ್ಪು ತಪ್ಪಾಗಿ ಉಚ್ಚರಿಸಿದರು. ಪಾಲಕರ ಒಪ್ಪಿಗೆ ಇಲ್ಲದೆ ಶಾಲೆಗಳನ್ನು ಸೇರಿಸುವುದಿಲ್ಲ ಎಂದು ಮಂತ್ರಿಗಳು ಭರವಸೆ ಕೊಟ್ಟರು. ಶಿಕ್ಷಕರ ವಿಷಯದಲ್ಲಿ ಪ್ರಯತ್ನ ನಡೆದಿದೆ ಎಂದರು. ಸಾಹೇಬರ ಮಾತು ಅಷ್ಟರ ಮಟ್ಟಿಗೆ ಸರಿಯಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆ ಶ್ರಾವಣದಲ್ಲಿ ಅಪ್ಪನಿಗೆ ಅವರ ಮನೆಯಿಂದ ಪೂಜೆಯ ಕರೆ ಬರಲಿಲ್ಲ.

ಶಾಲೆ ಉಳಿಯಿತು. ಮರುವರ್ಷ ಶಾಲೆಗಳು ತೆರೆಯುವ ಹೊತ್ತಿಗೆ ಹಳ್ಳಿಗೆ ಹೋದೆ. ಹೋಗಲು ಅಷ್ಟು ದಿನ ಧೈರ್ಯ ಬಂದಿರಲಿಲ್ಲ. ಒಪ್ಪಿಗೆ ಕೇಳಲು ಬಂದ ಅಧಿಕಾರಿಗಳಿಗೆ ಊರವರು ಒಲ್ಲೆವೆಂದು ಹೇಳಿ ಕಳಿಸಿದ್ದರು. ಮುಂದೆ ನಿಂತು ಹೇಳಿದವಳು ಅಧ್ಯಕ್ಷೆಯೇ ಎಂದು ದಾರಿಯಲ್ಲಿ ಆಟೋದವನು ಹೇಳಿದ. ಖುಷಿಯಿಂದ ಅವಳ ಮನೆಗೇ ಹೋದೆ. ಅಂಗಳದಲ್ಲಿ ಸೋಯಾ ಬೀಜ ಹಸನು ಮಾಡುತ್ತ ಕುಳಿತಿದ್ದಳು. ನೀರು ಕೊಟ್ಟಳು, ಕೂಡಿಸಿದಳು. ಮಗಳು ಹೊಸ ಸಮವಸ್ತ್ರದಲ್ಲಿ ಒಳಗಿನಿಂದ ಬಂದಳು. ಬಣ್ಣ ನಮ್ಮ ಶಾಲೆಯದಾಗಿರಲಿಲ್ಲ.

"ಸಾಹೇಬ್ರ ಹೆದ್ದಾರಿ ಸಾಲಿಗಿ ಹಾಕ್ಲತ್ತೀನಿ," ಅಂದಳು ನನ್ನ ಮುಖ ನೋಡಿ. "ಮರಾಠಿದಕ್ಕ."

"ಸಾಲಿ ಉಳಿಸಿದಾಕಿ ನೀನೇ."

"ಉಳಿಸಿದೆ. ಬಂದ್ ಮಾಡ್ಲಾಕ ಅವ್ರು ಯಾರು, ಅದಕ್ಕ ಉಳಿಸಿದೆ. ಖರೆ ನನ್ನ ಮಗಳಿಗಿ ಯಾರ ಮಾತಿನ ಮ್ಯಾಲ ಅಲ್ಲಿ ಕುಂಡರಸ್ಲಿ? ಸರ್ ಮುಂದಿನ ವರ್ಷ ನಿವೃತ್ತ ಆಗ್ತಾರ. ಮಾಸ್ತರ್ ಬರ್ತಾರ ಅಂತ ನಮ್ಮ ಭಾಷಾದವ್ರೇ ಹೇಳಿದ್ರು, ಕೇಳಿದೆ. ಇನ್ನೊಂದ್ಸಲ ಕೇಳಂಗಿಲ್ಲ."

ನನ್ನ ಮೇಲಿನ ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಸಿಟ್ಟಾಗಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಒಳಗೆ ಹೋಗಿ ಹೊಸ ಶಾಲೆಯ ಪ್ರವೇಶದ ಅರ್ಜಿ ತಂದು ನನ್ನ ಮುಂದಿಟ್ಟಳು.

"ಬಂದೀದಿ ಅಂದ ಮ್ಯಾಲ ಇದು ತುಂಬಿ ಕೊಡು. ನಿನ್ನ ಮರಾಠಿ ಚೊಲೋ ಅದ."

ಹುಡುಗಿ ಪಕ್ಕಕ್ಕೆ ಬಂದು ನನ್ನ ಮೊಳಕೈಗೆ ಒತ್ತಿ ನಿಂತಳು. ಅವಳ ಹೆಸರು, ತಂದೆಯ ಹೆಸರು, ಊರು, ತಾಲೂಕು ಉಮರ್ಗಾ, ಒಂದೊಂದಾಗಿ ಬರೆದೆ. ಮಾಧ್ಯಮ ಎಂಬ ಕಡೆ ಬಂದಾಗ ತಲೆಯೆತ್ತಿದೆ. ಅಧ್ಯಕ್ಷೆ ಬೀಜ ಕೇರುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ಬರೆದೆ. ಹುಡುಗಿ ನಾನು ಬರೆದದ್ದನ್ನು ಬೆರಳಿಟ್ಟು ಮೆಲ್ಲಗೆ ಕೂಡಿಸಿ ಓದಲು ನೋಡಿದಳು. ಮರಾಠಿಯ ಅಕ್ಷರ ಹೊಸದು, ಅವಳಿಗೆ ಓದಲಾಗಲಿಲ್ಲ.